ಗ್ರಂಥಾಲಯದ ಕ್ರಿಸ್‌ಮಸ್ ಗ್ರಂಥಾಲಯದ್ದೇ ಆಗಿರಲಿ

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ, ಜಗತ್ತಿನ ಸುಂದರ ಗ್ರಂಥಾಲಯಗಳ ಕ್ರಿಸ್‌ಮಸ್ ಅಲಂಕಾರ ಎಂಬ ಒಕ್ಕಣೆ ಹೊತ್ತ ಚಿತ್ರಗಳು ಗುಂಪಿನಿಂದ ಗುಂಪಿಗೆ ಹರಿದಾಡತೊಡಗುತ್ತವೆ. ಅವುಗಳಲ್ಲಿ ಹಲವು ಕೃತಕ ಬುದ್ಧಿಮತ್ತೆಯ ಕೈಚಳಕ ಎಂಬುದನ್ನು ಗುರುತಿಸಲು ಹೆಚ್ಚು ಜಾಣತನ ಬೇಕಾಗಿಲ್ಲ. ಏಣಿಯೊಂದು ಯಾವ ಕಪಾಟನ್ನೂ ತಾಗದೆ ಗಾಳಿಯಲ್ಲಿ ನಿಂತಿರುತ್ತದೆ. ಪುಸ್ತಕಗಳ ಬೆನ್ನಿನ ಮೇಲೆ ಯಾವ ಭಾಷೆಯ ಲಿಪಿಯೂ ಅಲ್ಲದ ಗೀರುಗಳಿರುತ್ತವೆ. ಕಪಾಟಿನ ಅಂಚಿನಲ್ಲೇ ಮೇಣದ ಬತ್ತಿಗಳು ಸಾಲಾಗಿ ಉರಿಯುತ್ತಿರುತ್ತವೆ. ಕಾಗದದ ಪಕ್ಕದಲ್ಲಿ ಬೆಂಕಿ ಹಚ್ಚಲು ಬಿಡುವ ಗ್ರಂಥಪಾಲಕರು ಯಾವ ದೇಶದಲ್ಲಿಯೂ ಸಿಗಲಾರರು. ಆದರೆ ನನ್ನ ತಕರಾರು ಈ ಸುಳ್ಳು ಚಿತ್ರಗಳಿಗೆ ಮಾತ್ರ ಸೀಮಿತವಲ್ಲ. ಹೋಟೆಲಿನ ಹಜಾರದಲ್ಲಿಯೋ ಮಾಲಿನ ನಡುಮನೆಯಲ್ಲಿಯೋ ನಿಲ್ಲಿಸುವಂಥ ಪ್ಲಾಸ್ಟಿಕ್ ಮರವನ್ನೇ ತಂದು ವಾಚನಾಲಯದಲ್ಲಿ ನಿಲ್ಲಿಸಿದರೆ ಅದು ಕಟ್ಟಡದ ಅಲಂಕಾರವಾದೀತೇ ಹೊರತು ಗ್ರಂಥಾಲಯದ ಅಲಂಕಾರವಾಗುವುದಿಲ್ಲ. ಗ್ರಂಥಾಲಯವು ತನ್ನಲ್ಲಿರುವುದನ್ನು ಹೊರತೆಗೆದು ಜನರ ಮುಂದಿಟ್ಟಾಗಲೇ ಅಲ್ಲಿಯ ಹಬ್ಬಕ್ಕೆ ಕಳೆ ಬರುವುದು.

ಇದಕ್ಕೆ ನಾನು ಕಂಡ ಅತ್ಯುತ್ತಮ ನಿದರ್ಶನವೆಂದರೆ ನ್ಯೂಯಾರ್ಕ್ ನಗರದ ಮಾರ್ಗನ್ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯ. ಬ್ಯಾಂಕುಗಳ ದೊರೆಯೆನಿಸಿದ್ದ ಪಿಯರ್‌ಪಾಂಟ್ ಮಾರ್ಗನ್ ತನ್ನ ಖಾಸಗಿ ಸಂಗ್ರಹಕ್ಕಾಗಿ 1906ರ ಹೊತ್ತಿಗೆ ಕಟ್ಟಿಸಿ ಮುಗಿಸಿದ ಈ ಕಟ್ಟಡವನ್ನು, ಅವನ ಮಗ 1924ರಲ್ಲಿ ಸಾರ್ವಜನಿಕ ಸಂಸ್ಥೆಯನ್ನಾಗಿ ಮಾಡಿದ. ಚಾರ್ಲ್ಸ್ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರೊಲ್' ಕಥೆಯ ಮೂಲ ಹಸ್ತಪ್ರತಿ ಇರುವುದು ಇಲ್ಲಿ. ಪ್ರತಿ ವರ್ಷವೂ ಹಬ್ಬದ ಕಾಲಕ್ಕೆ ಅದನ್ನು ಹೊರತೆಗೆದು, ಗಾಜಿನ ಪೆಟ್ಟಿಗೆಯಲ್ಲಿ ಒಂದು ಪುಟವನ್ನು ತೆರೆದಿಡುತ್ತಾರೆ. ಮರುವರ್ಷ ಬೇರೊಂದು ಪುಟ. ಹಸ್ತಪ್ರತಿಯಲ್ಲಿ ಅರುವತ್ತಕ್ಕೂ ಹೆಚ್ಚು ಪುಟಗಳಿರುವುದರಿಂದ, ಗಾಜಿನ ಆಚೆಯಿಂದಲೇ ಇಡೀ ಕಥೆಯನ್ನು ಓದಿ ಮುಗಿಸುತ್ತೇನೆಂದು ಹಟ ಹಿಡಿದವರು ಬಾಲ್ಯದಲ್ಲಿಯೇ ಶುರು ಮಾಡುವುದು ಒಳ್ಳೆಯದು. (ಅಷ್ಟು ತಾಳ್ಮೆ ಇಲ್ಲದವರಿಗಾಗಿ ಎಲ್ಲ ಪುಟಗಳೂ ಅಂತರ್ಜಾಲದಲ್ಲಿ ಲಭ್ಯವಿವೆ.)

ಆ ಪುಟವನ್ನು ಹತ್ತಿರದಿಂದ ನೋಡಬೇಕು. 1843ರ ಅಕ್ಟೋಬರಿನಲ್ಲಿ ಆರಂಭಿಸಿ ಆರು ವಾರಗಳಲ್ಲಿ ಬರೆದು ಮುಗಿಸಿದ ಬರಹ ಅದು. ಸಾಲುಗಳು ಇಕ್ಕಟ್ಟಾಗಿವೆ, ಅಕ್ಷರಗಳು ಒಂದರ ಮೇಲೊಂದು ಬೀಳುವಷ್ಟು ಅವಸರದಲ್ಲಿವೆ. ಬೇಡವೆನಿಸಿದ ಪದವನ್ನು ಡಿಕನ್ಸ್ ಒಂದು ಗೆರೆ ಎಳೆದು ಬಿಡುತ್ತಿರಲಿಲ್ಲ, ಸುರುಳಿ ಸುರುಳಿಯಾಗಿ ಗೀಚಿ, ಕೆಳಗೆ ಏನಿತ್ತೆಂದು ತಿಳಿಯದ ಹಾಗೆ ಮಸಿಯಲ್ಲಿ ಮುಚ್ಚುತ್ತಿದ್ದ. ಹೊಸ ಪದವನ್ನು ಸಾಲಿನ ತಲೆಯ ಮೇಲೆ ತುರುಕುತ್ತಿದ್ದ. ಕಥೆಯ ಕೊನೆಯಲ್ಲಿ ಕಾಯಿಲೆಯ ಹುಡುಗ ಟೈನಿ ಟಿಮ್ ಸಾಯಲಿಲ್ಲವೆಂದು ಓದುಗರಿಗೆ ನೆಮ್ಮದಿ ಕೊಡುವ ಮಾತು ಈ ಹಸ್ತಪ್ರತಿಯಲ್ಲಿ ಇಲ್ಲವೇ ಇಲ್ಲ. ಅದು ಮುದ್ರಣದ ಹಂತದಲ್ಲಿ ಸೇರಿದ್ದು. ಲಕ್ಷಾಂತರ ಮಕ್ಕಳನ್ನು ಸಮಾಧಾನದಿಂದ ಮಲಗಿಸಿದ ವಾಕ್ಯವೊಂದು ಲೇಖಕನಿಗೆ ತಡವಾಗಿ ಹೊಳೆಯಿತು ಎಂಬುದನ್ನು ತಿಳಿದ ಮೇಲೆ ಯಾವ ಬಣ್ಣದ ದೀಪವೂ ನನ್ನ ಗಮನವನ್ನು ಅತ್ತ ಸೆಳೆಯಲಿಲ್ಲ. ಪುಸ್ತಕ ಹೊರಬಂದದ್ದು ಡಿಸೆಂಬರ್ 19ರಂದು. ಮೊದಲ ಮುದ್ರಣದ 6,000 ಪ್ರತಿಗಳು ಹಬ್ಬದ ಹಿಂದಿನ ದಿನದೊಳಗೆ ಖಾಲಿಯಾದವು. ಬಣ್ಣದ ಚಿತ್ರಗಳು, ಚಿನ್ನದ ಅಂಚು ಎಂದು ಸ್ವತಃ ಡಿಕನ್ಸನೇ ಮುದ್ರಣಕ್ಕೆ ದುಂದುಗಾರಿಕೆ ಮಾಡಿದ್ದರಿಂದ ಕೈಗೆ ಬಂದ ಲಾಭ ಮಾತ್ರ ಅವನ ನಿರೀಕ್ಷೆಗಿಂತ ಬಹಳ ಕಡಿಮೆ. ಅಲಂಕಾರಕ್ಕೆ ಹೆಚ್ಚು ಖರ್ಚು ಮಾಡುವವರು ಇದನ್ನೂ ನೆನಪಿಟ್ಟುಕೊಳ್ಳಬಹುದು.

ಮಾರ್ಗನ್ ಇರುವುದು 36ನೆಯ ಬೀದಿಯ ಬಳಿ. ಅಲ್ಲಿಂದ ಆರು ಬೀದಿ ನಡೆದರೆ 42ನೆಯ ಬೀದಿಯಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮುಖ್ಯ ಕಟ್ಟಡ ಸಿಗುತ್ತದೆ. 1911ರಿಂದ ಅದರ ಮೆಟ್ಟಿಲುಗಳ ಇಕ್ಕೆಲದಲ್ಲಿ ಕುಳಿತಿರುವ ಅಮೃತಶಿಲೆಯ ಎರಡು ಸಿಂಹಗಳಿಗೆ ಮೂವತ್ತರ ದಶಕದಲ್ಲಿ ಮೇಯರ್ ಲಾ ಗಾರ್ಡಿಯಾ ಇಟ್ಟ ಹೆಸರು ತಾಳ್ಮೆ ಮತ್ತು ಸ್ಥೈರ್ಯ. ಆರ್ಥಿಕ ಕುಸಿತದ ಆ ದಿನಗಳಲ್ಲಿ ನಗರದ ಜನರಿಗೆ ಬೇಕಾಗಿದ್ದ ಗುಣಗಳು ಅವೇ ಎಂದು ಅವರ ಎಣಿಕೆಯಾಗಿತ್ತು. ಕ್ರಿಸ್‌ಮಸ್ ಕಾಲದಲ್ಲಿ ಈ ಸಿಂಹಗಳ ಕೊರಳಿಗೆ ಕೆಂಪು ರಿಬ್ಬನ್ನಿನ ಹಸಿರು ಮಾಲೆ ಬೀಳುತ್ತದೆ, ಜನರು ಸಾಲುಗಟ್ಟಿ ಫೋಟೊ ತೆಗೆಸಿಕೊಳ್ಳುತ್ತಾರೆ, ಬಹುತೇಕರು ಅಲ್ಲಿಂದಲೇ ಮರಳುತ್ತಾರೆ. ಇದೇ ಕಟ್ಟಡದ ಬರ್ಗ್ ಸಂಗ್ರಹದಲ್ಲಿ, ಡಿಕನ್ಸ್ ವೇದಿಕೆಯ ಮೇಲೆ ಕಥೆ ಓದುವಾಗ ಬಳಸುತ್ತಿದ್ದ ಅವನ ಸ್ವಂತ ಪ್ರತಿ ಇದೆ. ಅಚ್ಚಾದ ಪುಟಗಳನ್ನು ದೊಡ್ಡ ಹಾಳೆಗಳಿಗೆ ಅಂಟಿಸಿ, ಉದ್ದವೆನಿಸಿದ ಭಾಗಗಳನ್ನು ಹೊಡೆದುಹಾಕಿ, ಧ್ವನಿಯನ್ನು ಎಲ್ಲಿ ಹೇಗೆ ಬದಲಿಸಬೇಕೆಂದು ಅಂಚಿನಲ್ಲಿ ಬರೆದುಕೊಂಡ ಪ್ರತಿ ಅದು. ಲೇಖಕ ಬರೆದ ಪ್ರತಿ ಒಂದು ಕಡೆ, ಓದಿದ ಪ್ರತಿ ಇನ್ನೊಂದು ಕಡೆ, ನಡುವೆ ಹತ್ತು ನಿಮಿಷದ ನಡಿಗೆ. ಆದರೆ ಹಂಚಿಕೆಯಾಗುವುದು ಸಿಂಹದ ಮಾಲೆಯ ಚಿತ್ರ ಮಾತ್ರ.

ಇನ್ನು ಪುಸ್ತಕಗಳನ್ನೇ ಪೇರಿಸಿ ಮಾಡುವ ಕ್ರಿಸ್‌ಮಸ್ ಮರಗಳ ವಿಚಾರ. ಈ ಬಗೆಯ ಮರಗಳಲ್ಲಿ ನನಗೆ ಅರ್ಥವತ್ತಾಗಿ ಕಂಡದ್ದು ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಗ್ಲೀಸನ್ ಗ್ರಂಥಾಲಯದ್ದು. ಅಲ್ಲಿಯವರು ಮರ ಕಟ್ಟಲು ಆರಿಸಿಕೊಂಡದ್ದು 'ನ್ಯಾಷನಲ್ ಯೂನಿಯನ್ ಕ್ಯಾಟಲಾಗ್' ಎಂಬ ಸಂಯುಕ್ತ ಗ್ರಂಥಸೂಚಿಯ ಹಸಿರು ರಟ್ಟಿನ ಸಂಪುಟಗಳನ್ನು. ಕಂಪ್ಯೂಟರ್ ಬರುವ ಮುನ್ನ, ಅಮೆರಿಕ ಮತ್ತು ಕೆನಡಾದ ಯಾವ ಗ್ರಂಥಾಲಯದಲ್ಲಿ ಯಾವ ಪುಸ್ತಕವಿದೆ ಎಂದು ತಿಳಿಯಲು ಇದ್ದ ದಾರಿ ಇದು. 1956ಕ್ಕಿಂತ ಹಿಂದೆ ಅಚ್ಚಾದ ಪುಸ್ತಕಗಳ ಸೂಚಿ ಚೀಟಿಗಳನ್ನು ಒಟ್ಟುಗೂಡಿಸಿ, ಲಂಡನ್ನಿನ ಮ್ಯಾನ್ಸೆಲ್ ಸಂಸ್ಥೆ 1968ರಿಂದ 1981ರವರೆಗೆ 754 ಸಂಪುಟಗಳಲ್ಲಿ ಅದನ್ನು ಹೊರತಂದಿತು. ಕೊನೆಯ ಸಂಪುಟ ಬರುವ ಹೊತ್ತಿಗೆ ಗ್ರಂಥಸೂಚಿಗಳೆಲ್ಲ ಕಂಪ್ಯೂಟರಿಗೆ ಏರತೊಡಗಿದ್ದವು. ಹೀಗೆ ಕೆಲಸ ಕಳೆದುಕೊಂಡ ಸಂಪುಟಗಳು ಎಷ್ಟೋ ಕಡೆ ಕಪಾಟುಗಳನ್ನು ಸುಮ್ಮನೆ ತುಂಬಿಕೊಂಡಿದ್ದವು, ಇನ್ನೆಷ್ಟೋ ಕಡೆ ರದ್ದಿಗೆ ಹೋದವು. ವಿಚಿತ್ರವೆಂದರೆ, ಇದರಲ್ಲಿರುವ ನಮೂದುಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಆನ್‌ಲೈನ್ ಸಂಯುಕ್ತ ಸೂಚಿಯಲ್ಲಿ ಸಿಗುವುದಿಲ್ಲವೆಂದು 2005ರ ಅಧ್ಯಯನವೊಂದು ತೋರಿಸಿತು.

ಮರ ಕಟ್ಟುವ ಬಗೆಯೂ ಸರಳ. ಸಂಪುಟಗಳ ಬೆನ್ನು ಹೊರಮುಖವಾಗಿರುವಂತೆ ವೃತ್ತಾಕಾರದಲ್ಲಿ ಒಂದು ವರಸೆ ಇಟ್ಟು, ಮೇಲಿನ ವರಸೆಯನ್ನು ಇಟ್ಟಿಗೆ ಗೋಡೆಯಂತೆ ಕೆಳಗಿನ ಎರಡು ಪುಸ್ತಕಗಳ ಸಂದಿಯ ಮೇಲೆ ಕೂರಿಸುತ್ತಾ, ವೃತ್ತವನ್ನು ಕಿರಿದು ಮಾಡುತ್ತಾ ಹೋಗಬೇಕು. ಎಲ್ಲ ಸಂಪುಟಗಳೂ ಒಂದೇ ಅಳತೆಯ ಗಟ್ಟಿ ರಟ್ಟಿನವಾದ್ದರಿಂದ ಅದು ನಿಲ್ಲುತ್ತದೆ; ಮನೆಯಲ್ಲಿ ಕಾದಂಬರಿ, ನಿಘಂಟು, ಅಡುಗೆ ಪುಸ್ತಕಗಳನ್ನೆಲ್ಲ ಸೇರಿಸಿ ಪ್ರಯತ್ನಿಸಿದರೆ ನಾಲ್ಕನೆಯ ವರಸೆಗೇ ವಾಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದಿನವೂ ಯಾರೂ ಕೇಳದ ಸಂಪುಟಗಳವು. ಇದರ ಚಿತ್ರ ಪ್ರಸಿದ್ಧವಾದ ಮೇಲೆ, ಓದುಗರು ಎರವಲು ಪಡೆಯಬೇಕಾದ ಪುಸ್ತಕಗಳನ್ನೇ ತಿಂಗಳುಗಟ್ಟಲೆ ಪೇರಿಸಿ ದೀಪದ ಸರ ಸುತ್ತುವ ಗ್ರಂಥಾಲಯಗಳೂ ಹುಟ್ಟಿಕೊಂಡಿವೆ. ಬುಡದಲ್ಲಿರುವ ಪುಸ್ತಕ ಬೇಕೆಂದು ಯಾರಾದರೂ ಕೇಳಿದರೆ ಜನವರಿಯಲ್ಲಿ ಬನ್ನಿ ಎನ್ನಬೇಕಾಗುತ್ತದೆ. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆಂದು ಪುಸ್ತಕಗಳನ್ನು ಪೀಠದ ಮೇಲಿಟ್ಟು, ಅವನ್ನು ಮುಟ್ಟುವಂತಿಲ್ಲ, ಓದುವಂತಿಲ್ಲ ಎಂದಾಗ ಹಿಗ್ಗಿದ ಮಕ್ಕಳಲ್ಲಿ ನಾನೂ ಒಬ್ಬನೇ. ಆದರೆ ನಮ್ಮಲ್ಲಿ ಆ ರಜೆ ವಿಜಯದಶಮಿಗೆ ಮುಗಿಯುತ್ತದೆ.

ಇದಕ್ಕಿಂತ ಅಮೆರಿಕದ ಸಣ್ಣ ಊರುಗಳ ಗ್ರಂಥಾಲಯಗಳಲ್ಲಿ ಕಾಣುವ ಕೈಗವಸಿನ ಮರ ಮೇಲು. ಗಾಜಿನ ಗೋಲಗಳ ಬದಲು ಓದುಗರು ತಂದ ಉಣ್ಣೆಯ ಕೈಗವಸು, ಟೋಪಿ, ಮಫ್ಲರುಗಳನ್ನು ಕೊಂಬೆಗಳಿಗೆ ಸಿಕ್ಕಿಸಿ, ಹಬ್ಬದ ಹೊತ್ತಿಗೆ ಅವನ್ನು ಬಡ ಮಕ್ಕಳಿಗೆ ಕಳುಹಿಸುತ್ತಾರೆ. ಡಬ್ಬಿಯ ಆಹಾರವನ್ನು ದಾನ ಕೊಟ್ಟವರಿಗೆ, ಪುಸ್ತಕ ತಡವಾಗಿ ಮರಳಿಸಿದ ದಂಡವನ್ನು ಮನ್ನಾ ಮಾಡುವ ಪದ್ಧತಿಯೂ ಹಲವು ಕಡೆ ಇದೆ.

ತೆರಿಗೆ ಹಣದಲ್ಲಿ ನಡೆಯುವ ಗ್ರಂಥಾಲಯ ಒಂದು ಧರ್ಮದ ಹಬ್ಬವನ್ನು ಆಚರಿಸಬಹುದೇ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1989ರಲ್ಲಿ, ಪಿಟ್ಸ್‌ಬರ್ಗ್ ನಗರದ ಎರಡು ಸರ್ಕಾರಿ ಕಟ್ಟಡಗಳ ಪ್ರಕರಣದಲ್ಲಿ, ನ್ಯಾಯಾಲಯದ ಮೆಟ್ಟಿಲ ಮೇಲೆ ಯೇಸುವಿನ ಜನನದ ಗೋದಲಿಯನ್ನಷ್ಟೇ ಇಡುವುದು ಸಂವಿಧಾನಕ್ಕೆ ವಿರುದ್ಧವೆಂದೂ, ಇನ್ನೊಂದು ಕಟ್ಟಡದ ಹೊರಗೆ ಕ್ರಿಸ್‌ಮಸ್ ಮರದ ಪಕ್ಕದಲ್ಲಿ ಯೆಹೂದ್ಯರ ದೀಪಸ್ತಂಭವನ್ನು ಇಡುವುದು ತಪ್ಪಲ್ಲವೆಂದೂ ತೀರ್ಪಿತ್ತಿತು. ಕಾನೂನು ಹೀಗೆ ಕೂದಲು ಸೀಳುತ್ತಿದ್ದರೆ, ಊರಿನ ಜಗಳ ಬೇರೆಯೇ ದಾರಿ ಹಿಡಿಯುತ್ತದೆ. 2022ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಡೆಡಮ್ ಎಂಬ ಊರಿನ ಶಾಖಾ ಗ್ರಂಥಾಲಯದಲ್ಲಿ ಆ ವರ್ಷ ಮರ ಇರುವುದಿಲ್ಲ ಎಂಬ ಸುದ್ದಿ ಹೊರಬಿದ್ದದ್ದೇ ತಡ, ಫೇಸ್‌ಬುಕ್‌ನಲ್ಲಿ ಗದ್ದಲ ಎದ್ದು, ಅದು ಸಿಬ್ಬಂದಿಗೆ ಕಿರುಕುಳ ಕೊಡುವ ಮಟ್ಟಕ್ಕೆ ಹೋಯಿತು. ಕೊನೆಗೆ ಮರ ಬಂತು. ಮರ ಇಡುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಶಾಂತಿಯ ಹಬ್ಬವೆಂದು ಕರೆದುಕೊಳ್ಳುವ ಹಬ್ಬಕ್ಕಾಗಿ ಗ್ರಂಥಾಲಯದ ನೌಕರರನ್ನು ಬೆದರಿಸಿ ನಿಲ್ಲಿಸಿದ ಮರದಲ್ಲಿ ನನಗೆ ಯಾವ ಶೋಭೆಯೂ ಕಾಣಿಸುವುದಿಲ್ಲ.

ಹೊರದೇಶಗಳಲ್ಲಿರುವ ನಮ್ಮವರಿಗೂ ಈ ವಿಷಯ ಸಂಬಂಧಪಟ್ಟದ್ದೇ. ಭಾರತೀಯರು ಹೆಚ್ಚಾಗಿರುವ ಊರುಗಳ ಗ್ರಂಥಾಲಯಗಳಲ್ಲಿ ಈಗ ದೀಪಾವಳಿಯ ಪ್ರದರ್ಶನವೂ ಇರುತ್ತದೆ, ಇಲ್ಲದ ಕಡೆ ನಾವೇ ಹೋಗಿ ಕೇಳುತ್ತೇವೆ. ಕೇಳುವುದು ಸರಿಯೂ ಹೌದು. ಹಾಗೆ ಕೇಳಿ ಪಡೆದವರು ಡಿಸೆಂಬರಿನಲ್ಲಿ ಅದೇ ಜಾಗದಲ್ಲಿ ಮರ ನಿಂತಾಗ ಗೊಣಗಬಾರದು. ಜೊತೆಗೆ, ನಮ್ಮ ಪ್ರದರ್ಶನಕ್ಕೂ ಪ್ಲಾಸ್ಟಿಕ್ ಹೂವಿನ ಮಾಲೆ, ಬ್ಯಾಟರಿಯ ಹಣತೆಗಳಷ್ಟೇ ಸಾಲದು. ಆ ಮೇಜಿನ ಮೇಲೆ ಮಕ್ಕಳು ಎರವಲು ಒಯ್ಯಬಹುದಾದ ನಾಲ್ಕು ಕನ್ನಡ ಪುಸ್ತಕಗಳನ್ನಾದರೂ ಇಡಿಸುವ ಹೊಣೆ ನಮ್ಮದು.