ಹಾಡು ಬಂತು, ಹೆಸರು ಬರಲಿಲ್ಲ

ಕಳೆದ ನವೆಂಬರಿನಲ್ಲಿ ನಮ್ಮೂರಿನ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಮಾಡಿದೆವು. ನಮ್ಮೂರು ಅಂದರೆ ಈಗ ಜರ್ಮನಿಯ ಎರ್ಲಾಂಗೆನ್. ಚರ್ಚಿನ ಪಕ್ಕದಲ್ಲಿ ಬಾಡಿಗೆಗೆ ಹಿಡಿದ ಹಾಲು, ಅರವತ್ತೆಪ್ಪತ್ತು ಜನ, ಮನೆಗಳಿಂದ ಮಾಡಿ ತಂದ ಬಿಸಿಬೇಳೆಬಾತು, ಮೊಸರನ್ನ. ಊಟದ ಹೊತ್ತಿಗೆ ಎಂ.ಎಸ್. ಓದಲು ಬಂದಿರುವ ಹುಡುಗನೊಬ್ಬ ಲ್ಯಾಪ್‌ಟಾಪಿಗೆ ಪೆನ್ ಡ್ರೈವ್ ಸಿಕ್ಕಿಸಿ ಹಳೆಯ ಭಾವಗೀತೆಗಳನ್ನು ಹಾಕಿದ. ನಾಲ್ಕನೆಯದೋ ಐದನೆಯದೋ ಹಾಡು. ಎರಡನೆಯ ಚರಣ ಶುರುವಾಗುವಾಗ ಹಾಡುವವರ ದನಿ ಒಂದು ಕ್ಷಣ ಜಗ್ಗಿ, ದಪ್ಪಗಾಗಿ, ಮತ್ತೆ ಸರಿಹೋಯಿತು. ನಾನು ತಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಆ ಜಗ್ಗುವಿಕೆ ನನಗೆ ಗೊತ್ತು. 2005ರಲ್ಲಿ ಬಸವನಗುಡಿಯ ನಮ್ಮ ಮನೆಯಲ್ಲಿ ಅದೇ ಜಾಗದಲ್ಲಿ ಟೇಪು ಈಚೆ ಬಂದು ಸಿಕ್ಕಿಹಾಕಿಕೊಂಡಿತ್ತು. ಪೆನ್ಸಿಲ್ ತೂರಿಸಿ, ಸುತ್ತಿ ಒಳಗೆ ಸೇರಿಸಿದವನು ನಾನು. ಅದು ನಮ್ಮಪ್ಪ ಕಡಲೆಕಾಯಿ ಪರಿಷೆಯಲ್ಲಿ ಕೊಂಡ ಕ್ಯಾಸೆಟ್ಟು.

"ಇದೆಲ್ಲಿ ಸಿಕ್ತಪ್ಪಾ ನಿಂಗೆ?"

"ಗೊತ್ತಿಲ್ಲ ಸಾರ್. ಬೆಂಗಳೂರಲ್ಲಿ ಓದ್ತಿದ್ದಾಗ ಸೀನಿಯರ್ ಒಬ್ರ ಹಾರ್ಡ್ ಡಿಸ್ಕಲ್ಲಿತ್ತು. ಫೋಲ್ಡರ್ ಪೂರ್ತಿ ಕಾಪಿ ಹೊಡ್ಕೊಂಡೆ."

"ಯಾರು ಬರೆದಿದ್ದು ಅಂತ ಇದೆಯಾ ನೋಡು."

ನೋಡಿದ. ಹಾಡಿದವರ ಹೆಸರು ಇರಬೇಕಾದ ಕಡೆ ಪುಕ್ಕಟೆ ಹಾಡು ಕೊಡುವ ಯಾವುದೋ ವೆಬ್‌ಸೈಟಿನ ವಿಳಾಸ ಕೂತಿತ್ತು. ಕವಿಯ ಹೆಸರು ಎಲ್ಲೂ ಇಲ್ಲ. ಫೈಲಿನ ಹೆಸರು ಮಾತ್ರ ಇಪ್ಪತ್ತು ವರ್ಷದ ಹಿಂದೆ ನಾನು ಕೊಟ್ಟದ್ದೇ: 'ಅಪ್ಪ ಭಾವಗೀತೆ ಎ4', ಅಂದರೆ ಕ್ಯಾಸೆಟ್ಟಿನ ಎ ಬದಿಯ ನಾಲ್ಕನೆಯ ಹಾಡು.

ಅದು ಹೇಗೆ ಅಲ್ಲಿಂದ ಹೊರಟಿತು ಎಂಬುದು ನನಗೆ ಚೆನ್ನಾಗಿ ನೆನಪಿದೆ. 2003ರಿಂದ 2007ರವರೆಗೆ ನಾನು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದವನು. ಬ್ರಿಗೇಡ್ ರೋಡಿನ ಮ್ಯೂಸಿಕ್ ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಗಂಟೆಗಟ್ಟಲೆ ನಿಂತು ಕೇಳುತ್ತಿದ್ದೆವು, ಕೊಳ್ಳುತ್ತಿರಲಿಲ್ಲ. ಒಂದು ಇಂಗ್ಲಿಷ್ ಸೀಡಿಯ ದುಡ್ಡಿನಲ್ಲಿ ವಾರದ ಊಟ ಮುಗಿಯುತ್ತಿತ್ತು. ಎಸ್.ಪಿ. ರೋಡಿಗೆ ಹೋಗಿ ಖಾಲಿ ಸೀಡಿಗಳನ್ನು ಸಗಟಾಗಿ ತಂದರೆ ತಿಂಗಳಿಗಾಗುವಷ್ಟು ಹಾಡು. ಗೆಳೆಯರ ಹಾಸ್ಟೆಲಿನಲ್ಲಿ ರೂಮಿನಿಂದ ರೂಮಿಗೆ ಲ್ಯಾನ್ ಕೇಬಲ್ ಎಳೆದಿದ್ದರು. ಅದರಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಫೈಲು ಹಂಚುವ ಡಿಸಿ++ ಎಂಬ ಸಾಫ್ಟ್‌ವೇರ್ ಓಡುತ್ತಿತ್ತು. ಆ ಹಬ್ಬಿಗೆ, ಅಂದರೆ ಹಂಚಿಕೆಯ ಕೂಟಕ್ಕೆ, ಸೇರಬೇಕಾದರೆ ನಮ್ಮ ಕಡೆಯಿಂದಲೂ ಇಂತಿಷ್ಟು ಜಿಬಿ ಹಂಚಲೇಬೇಕು ಎಂಬ ಕಟ್ಟಳೆ. ಬರಿಗೈಯಲ್ಲಿ ಬಂದವನಿಗೆ ಒಳಗೆ ಜಾಗವಿಲ್ಲ. ನಾನು ಮನೆಯಿಂದ ಓಡಾಡುವವನು. ಹಾರ್ಡ್ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಬಿಎಂಟಿಸಿ ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಎಲ್ಲರ ಹತ್ತಿರ ಇದ್ದ ಹಿಂದಿ, ಇಂಗ್ಲಿಷ್ ಹಾಡುಗಳೇ ನನ್ನ ಹತ್ತಿರವೂ ಇದ್ದವು. ಕೊಡುವುದಕ್ಕೆ ನನ್ನದು ಅಂತ ಏನಾದರೂ ಬೇಕಲ್ಲ? ಅಪ್ಪನ ಕ್ಯಾಸೆಟ್ಟುಗಳಿಗೆ ಕೈಹಾಕಿದೆ.

ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ಒಂದು ವೈರು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಅವಸರ ಮಾಡುವಂತಿಲ್ಲ. ಮುಗಿದ ಮೇಲೆ ಹಾಡು ಹಾಡಾಗಿ ಕತ್ತರಿಸಿ, ಎಂಪಿ3 ಮಾಡಿ, ಹೆಸರಿಡಬೇಕು. ಕ್ಯಾಸೆಟ್ಟಿನ ಡಬ್ಬಿಯೊಳಗಿನ ಮಡಚಿದ ಕಾಗದ ಪಕ್ಕದಲ್ಲೇ ಮೇಜಿನ ಮೇಲಿತ್ತು. ಯಾವ ಹಾಡು ಯಾರ ರಚನೆ, ರಾಗ ಹಾಕಿದವರು ಯಾರು, ಹಾಡಿದವರು ಯಾರು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಟೈಪ್ ಮಾಡಿದ್ದರೆ ಹತ್ತು ನಿಮಿಷದ ಕೆಲಸ. ನಾನು ಮಾಡಲಿಲ್ಲ.

ಆ ಹಂಚಿಕೆಯನ್ನು ಕಳ್ಳತನ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಧಾರವಾಡದ ಹುಡುಗ ಕೊಟ್ಟ ಫೋಲ್ಡರಿನಲ್ಲಿ ಮಲ್ಲಿಕಾರ್ಜುನ ಮನಸೂರರನ್ನು ಮೊದಲ ಸಲ ಕೇಳಿದೆ. ಕುಂದಾಪುರದವನು ತಾಳಮದ್ದಲೆ ಕೊಟ್ಟ. ಗೀಗೀ ಪದ ಎಂದರೆ ಏನೆಂದು ಬಸವನಗುಡಿಯ ನನಗೆ ಗೊತ್ತಾದದ್ದು ಆ ಕೇಬಲ್ಲಿನಿಂದ. ಯಾರೂ ಯಾರಿಂದಲೂ ಒಂದು ಪೈಸೆ ಕೇಳಲಿಲ್ಲ. ಮನೆಗೆ ಬಿಎಸ್ಎನ್ಎಲ್ ಬ್ರಾಡ್‌ಬ್ಯಾಂಡ್ ಬಂದ ಮೇಲೆ, 500 ರೂಪಾಯಿಯ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿಕೊಂಡರೂ ಲೆಕ್ಕವಿಲ್ಲ ಎಂದಾಯಿತು. ಅಲಾರಂ ಇಟ್ಟು ಎದ್ದು, ಇಂಟರ್ನೆಟ್ಟಿನಲ್ಲಿ ಫೈಲು ಇಳಿಸಿ ಹಂಚುವ ಟೊರೆಂಟ್ ಹಾಕಿ ಮಲಗುತ್ತಿದ್ದೆ. "ಇಷ್ಟೊತ್ನಲ್ಲಿ ಅದೇನೋ ಮಾಡ್ತಿದೀಯ?" ಎಂದು ಅಪ್ಪ ಒಳಗಿನಿಂದ ಕೇಳುತ್ತಿದ್ದರು. ನಾನು ಅವರ ಕ್ಯಾಸೆಟ್ಟನ್ನು ಲೋಕಕ್ಕೆ ಹಂಚುತ್ತಿದ್ದೆ, ಅವರಿಗೆ ಹೇಳಿರಲಿಲ್ಲ.

ವಿಧಿಯೋ ಏನೋ, ಈಗ ನಾನಿರುವುದು ಎಂಪಿ3 ಹುಟ್ಟಿದ ಊರಿನಲ್ಲಿ. ಊರಿನ ದಕ್ಷಿಣಕ್ಕೆ ಟೆನ್ನೆನ್‌ಲೋಹೆ ಎಂಬಲ್ಲಿ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆ ಇದೆ. ಕಾರ್ಲ್‌ಹೈನ್ಸ್ ಬ್ರಾಂಡನ್‌ಬುರ್ಗ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಕೂತು ಇದನ್ನು ಕಟ್ಟಿದರು. 1995ರ ಜುಲೈ 14ರಂದು ಫೈಲಿನ ಬಾಲಕ್ಕೆ 'ಎಂಪಿ3' ಎಂಬ ಹೆಸರು ಗೊತ್ತುಮಾಡಿದರು. ಜೋರಾದ ಸದ್ದಿನ ಪಕ್ಕದ ಮೆಲುಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ. ಬೀಳದ್ದನ್ನು ತೆಗೆದುಹಾಕಿದರೆ ಸೀಡಿಯಲ್ಲಿ ನಿಮಿಷಕ್ಕೆ ಹತ್ತು ಎಂಬಿ ಹಿಡಿಯುವ ಹಾಡು ಒಂದು ಎಂಬಿಗೆ ಇಳಿಯುತ್ತದೆ. ಹೆಸರುಗಳ ವಿಷಯ ಅವರ ಲೆಕ್ಕದಲ್ಲೇ ಇರಲಿಲ್ಲ. 1996ರಲ್ಲಿ ಬೇರೆಯವರು ಐಡಿ3 ಎಂಬ ಟ್ಯಾಗನ್ನು ಫೈಲಿನ ಕೊನೆಗೆ ಅಂಟಿಸಿದರು. ಒಟ್ಟು 128 ಬೈಟು: ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಹಾಡಿನ ಪ್ರಕಾರಕ್ಕೆ 1, ಉಳಿದ 3 ಟ್ಯಾಗಿನ ಗುರುತಿಗೆ. ಬರೆದವರಿಗೆ ಒಂದು ಬೈಟೂ ಇಲ್ಲ. ಕವಿಯೇ ಮೊದಲು, ಹಾಡುವವರು ಆಮೇಲೆ ಎಂದು ಎಣಿಸುವ ಭಾವಗೀತೆಯಂಥದ್ದೊಂದು ಲೋಕದಲ್ಲಿದೆ ಎಂದು ಅದನ್ನು ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ. 1998ರ ಎರಡನೆಯ ಆವೃತ್ತಿಯಲ್ಲಿ ಸಾಹಿತ್ಯ ಬರೆದವರಿಗೂ ಒಂದು ಜಾಗ ಬಂತು. 2005ರಲ್ಲಿ ನನ್ನ ಎದುರು ಆ ಜಾಗ ಖಾಲಿ ಇತ್ತು ಎಂಬುದನ್ನು ಯೋಚಿಸಿದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಜರ್ಮನಿಯವರ ದಾರಿ ಬೇರೆ. ಇಲ್ಲಿಗೆ ಬಂದ ಮೊದಲ ವರ್ಷ ನನ್ನ ಜೊತೆ ಮನೆ ಹಂಚಿಕೊಂಡಿದ್ದ ಹುಡುಗನಿಗೆ ವಕೀಲರ ಪತ್ರ ಬಂತು. ಅಪ್‌ಮಾನುಂಗ್ ಅನ್ನುತ್ತಾರೆ ಅದಕ್ಕೆ. ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷ ಎಷ್ಟು ಸೆಕೆಂಡಿಗೆ ಯಾವ ಆಲ್ಬಮ್ ಟೊರೆಂಟಿನಲ್ಲಿತ್ತು ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಟೊರೆಂಟಿನಲ್ಲಿ ನಾವು ಇಳಿಸಿಕೊಳ್ಳುತ್ತಿರುವಾಗಲೇ ನಮ್ಮಿಂದ ಇನ್ನೊಬ್ಬರಿಗೂ ಹೋಗುತ್ತಿರುತ್ತದೆ. ಕಾನೂನು ಅದನ್ನು ಹಂಚಿಕೆ ಎಂದೇ ಎಣಿಸುತ್ತದೆ. ಅವನು ಕಟ್ಟಿದ ದುಡ್ಡು ಎರಡು ತಿಂಗಳ ಬಾಡಿಗೆ. 2017ರಲ್ಲಿ ಕಾನೂನು ತಿದ್ದುವವರೆಗೆ ನಮ್ಮ ವೈಫೈಯಲ್ಲಿ ಮನೆಗೆ ಬಂದವರು ಇಳಿಸಿಕೊಂಡರೂ ನಾವೇ ಜವಾಬು ಹೇಳಬೇಕಾಗಬಹುದಿತ್ತು. ಹಾಗಾಗಿ ಬಂದ ನೆಂಟರಿಗೆ ಪಾಸ್‌ವರ್ಡ್ ಕೊಡಲೂ ಜನ ಹಿಂಜರಿಯುತ್ತಿದ್ದರು. ಈ ಹೆದರಿಕೆ ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಓದುವ ಹುಡುಗರನ್ನು ಹೀಗೆ ಹೆದರಿಸಿದರೆ ಅವರು ಹಾಡಿನಿಂದಲೇ ದೂರ ಹೋಗುತ್ತಾರೆ.

ಆದರೆ ಇದೇ ಊರಿನಲ್ಲಿ, ನನ್ನ ಮಗಳ ಶಾಲೆಯಲ್ಲಿ ಕ್ರಿಸ್‌ಮಸ್ಸಿಗೆ ಮುಂಚೆ ಮಕ್ಕಳ ಹಾಡು ಇತ್ತು. ಬಾಗಿಲಲ್ಲಿ ಒಂದು ಮಡಚಿದ ಹಾಳೆ ಕೈಗಿಟ್ಟರು. ಪ್ರತಿ ಹಾಡಿನ ಕೆಳಗೂ ಎರಡು ಸಾಲು: ಸಾಹಿತ್ಯ ಇಂಥವರದು, ಸಂಗೀತ ಇಂಥವರದು. ಎರಡನೇ ಕ್ಲಾಸಿನ ಮಕ್ಕಳು ಹಾಡಿದ ನಾಲ್ಕು ಸಾಲಿನ ಹಾಡಿಗೂ ಅದೇ ಮರ್ಯಾದೆ. ಗೇಮಾ ಎಂಬ ಇಲ್ಲಿನ ಸಂಘ ರಾಗ ಹಾಕಿದವರಿಗೂ ಪದ ಬರೆದವರಿಗೂ ಲೆಕ್ಕ ಹಾಕಿ ದುಡ್ಡು ಕೊಡುತ್ತದೆ. ಲೆಕ್ಕ ಹಾಕಬೇಕಾದರೆ ಹೆಸರು ಬೇಕೇ ಬೇಕು. 1965ರಿಂದಲೂ ಧ್ವನಿಮುದ್ರಣ ಯಂತ್ರದ ಬೆಲೆಯಲ್ಲೇ ಹಾಡಿನವರ ಪಾಲು ಸೇರಿಸುವ ಪದ್ಧತಿ ಇಲ್ಲಿದೆ. ಇವತ್ತು ನಾನು ಕೊಳ್ಳುವ ಪೆನ್ ಡ್ರೈವಿನಲ್ಲೂ ಆ ಪಾಲು ಇದೆ. ಸ್ವಂತಕ್ಕೆ ಕಾಪಿ ಮಾಡಿಕೋ, ಆದರೆ ಮಾಡಿದವರ ಪಾಲು ಮೊದಲೇ ಇಟ್ಟುಬಿಡು ಎನ್ನುವ ಈ ವ್ಯವಸ್ಥೆ ನಮಗೂ ಬೇಕು ಎಂದು ನಾನು ನಂಬಿದ್ದೇನೆ.

ದೊಡ್ಡ ತಂಡಗಳಿಗೆ ಕಾಪಿಯಿಂದ ಹೋದದ್ದು ಹೇಗೋ ವಾಪಸು ಬರುತ್ತದೆ. ಇಂಟರ್ನೆಟ್ಟಿನಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರನ್ನು 1999ರಲ್ಲಿ ಶುರುಮಾಡಿದ ಶಾನ್ ಫ್ಯಾನಿಂಗ್ ಕೂಡ ಕಾಲೇಜು ಹುಡುಗನೇ. ಮರುವರ್ಷ ಅಮೆರಿಕದ ರಾಕ್ ತಂಡ ಮೆಟಾಲಿಕಾದವರು ತಮ್ಮ ಹಾಡು ಹಂಚುತ್ತಿದ್ದ 3,35,435 ಬಳಕೆದಾರರ ಪಟ್ಟಿ ತಂದುಕೊಟ್ಟು, ಇವರನ್ನು ತೆಗೆದುಹಾಕಿ ಎಂದರು. ಅದೇ ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಸಂಬಳದ ದುಡ್ಡಿನಲ್ಲಿ ಟಿಕೆಟ್ ಕೊಂಡು ಹೋದವರಲ್ಲಿ ನಮ್ಮ ಹಾಸ್ಟೆಲಿನ ಹುಡುಗರೂ ಇದ್ದರು. ಅವರು ಆ ಹಾಡುಗಳನ್ನು ಬಾಯಿಪಾಠ ಮಾಡಿದ್ದು ಬರ್ನ್ ಮಾಡಿದ ಸೀಡಿಯಿಂದ. ಭಾವಗೀತೆ ಬರೆದವರಿಗೆ ಯಾವ ಮೈದಾನವಿದೆ? ಅಪ್ಪನ ಕ್ಯಾಸೆಟ್ಟು ಮಾಡಿದ ಸಣ್ಣ ಕಂಪನಿ ಈಗಿಲ್ಲ. ಅದು ಮುಚ್ಚಿದ್ದರಲ್ಲಿ ನಮ್ಮ ಕೈಯೂ ಇದೆ ಎಂದೇ ನನ್ನ ಭಾವನೆ.

ಹೆಸರು ಹೇಳುವುದನ್ನು ನಾವು ಜರ್ಮನಿಯವರಿಂದ ಕಲಿಯಬೇಕಾಗಿಲ್ಲ. ಬೆಂಗಳೂರು ಆಕಾಶವಾಣಿಯಲ್ಲಿ ರಚನೆ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಹೇಳಿಯೇ ಭಾವಗೀತೆ ಹಾಕುತ್ತಿದ್ದರು. ಅದಕ್ಕೂ ಹಿಂದೆ ಹೋದರೆ ನಮ್ಮವರು ಹೆಸರನ್ನು ಹಾಡಿನೊಳಗೇ ಹೆಣೆದಿಟ್ಟಿದ್ದರು. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ಕಾಗಿನೆಲೆಯಾದಿಕೇಶವ ಎಂದರೆ ಕನಕ. ಬಾಯಿಂದ ಬಾಯಿಗೆ, ಊರಿಂದ ಊರಿಗೆ, ಯಾರ ಅಪ್ಪಣೆಯೂ ಇಲ್ಲದೆ ಐನೂರರಿಂದ ಒಂಬೈನೂರು ವರ್ಷ ಹಂಚಿಕೊಂಡು ಬಂದ ಸಾಹಿತ್ಯ ಅದು. ಅಂಕಿತ ಇದ್ದದ್ದರಿಂದ ಬಹುಪಾಲಿಗೆ ಇದು ಯಾರದು ಎಂದು ಇವತ್ತಿಗೂ ಹೇಳಬಲ್ಲೆವು. ಈಗಿನ ಕವಿತೆಗೆ ಅಂಕಿತ ಇಲ್ಲ. ಹೊರಗೆ ಅಂಟಿಸಿದ ಚೀಟಿ ಕಿತ್ತರೆ ಕವಿಯೂ ಹೋದರು.

ರಾಜ್ಯೋತ್ಸವದ ರಾತ್ರಿಯೇ ಮನೆಗೆ ಬಂದು ಅಕ್ಕನ ಮಗಳಿಗೆ ವಿಡಿಯೊ ಕಾಲ್ ಮಾಡಿದೆ. ಅವಳು ಬೆಂಗಳೂರಿನಲ್ಲೇ ಡಿಗ್ರಿ ಓದುತ್ತಿದ್ದಾಳೆ, ತಾತನ ಮನೆಯಲ್ಲೇ ಇರುತ್ತಾಳೆ. ಅಲ್ಲಿ ನಡುರಾತ್ರಿ ದಾಟಿತ್ತು, ಪರೀಕ್ಷೆಗೆ ಓದುತ್ತ ಎದ್ದಿದ್ದಳು.

"ಪುಟ್ಟಿ, ಬೀರು ಮೇಲೆ ಬಿಸ್ಕತ್ತಿನ ಡಬ್ಬದಲ್ಲಿ ಕ್ಯಾಸೆಟ್ ಇದಾವೆ. ಒಳಗಿನ ಕಾಗದ ತೆಗೆದು ಫೋಟೊ ಕಳಿಸ್ತೀಯಾ?"

"ಹಾಡು ಬೇಕಾದ್ರೆ ಆ್ಯಪಲ್ಲೇ ಇರುತ್ತೆ ಮಾವ."

"ಹುಡುಕು."

ಹುಡುಕಿದಳು. ಇರಲಿಲ್ಲ. ಅದರ ಎರಡು ಸಾಲು ಯಾವುದೋ ರೀಲ್‌ನಲ್ಲಿ ಸಿಕ್ಕಿತು, ಅದೇ ಜಗ್ಗುವ ದನಿಯ ಸಮೇತ. ಕೆಳಗೆ 'ಒರಿಜಿನಲ್ ಆಡಿಯೊ' ಎಂದು ಬರೆದು ಆ ರೀಲ್ ಮಾಡಿದವರ ಹೆಸರಿತ್ತು. ನಾನು ಕಿತ್ತ ಜಾಗದಲ್ಲಿ ಇನ್ನೊಬ್ಬರು ಬಂದು ಕೂತಿದ್ದರು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು, ಹಕ್ಕು ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರ ಬರೆದವರದೇ ಎನ್ನುತ್ತದೆ. ಕಾಲೇಜು ಫೆಸ್ಟಿನಲ್ಲಿ "ಈಗ ಒಂದು ಸುಂದರ ಭಾವಗೀತೆ" ಎಂದು ಮೈಕು ಕೊಡುವವರು, ಕವರ್ ಹಾಡಿ ಹಾಕುವವರು, ರೀಲ್ ಮಾಡುವವರು ಈ ಒಂದನ್ನು ಮಾಡಿದರೂ ಸಾಕು ಎಂದು ಬೇಡಿಕೊಳ್ಳುತ್ತೇನೆ: ರಚನೆ ಯಾರದು ಎಂದು ಹೇಳಿ, ಬರೆಯಿರಿ.

ಫೋಟೊ ಬಂತು. ನಾಲ್ಕನೆಯ ಹಾಡಿನ ಎದುರಿಗೆ: ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟ. ಶಿಶುನಾಳ ಶರೀಫರ ಪದಗಳನ್ನು ಕೂಡಿಸಿ ಪುಸ್ತಕ ಮಾಡಿ, ಸಿ. ಅಶ್ವತ್ಥರ ಕಂಠದ ಮೂಲಕ ಮನೆಮನೆಗೆ ಮುಟ್ಟಿಸಿದವರು. ಶರೀಫರ ಪದಕ್ಕೆ 'ಶಿಶುನಾಳಧೀಶ' ಎಂಬ ಅಂಕಿತವಿತ್ತು, ಕೈಬಿಟ್ಟು ಹೋಗಲಿಲ್ಲ. ಅವನ್ನು ಹುಡುಕಿ ಉಳಿಸಿದವರ ಸ್ವಂತ ಹಾಡಿನಿಂದ ಅವರ ಹೆಸರನ್ನು ನಾನು ಕಳೆದಿದ್ದೆ. ಭಟ್ಟರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು, ನಾನು ಓದುವಾಗ ಅದೇ ಊರಿನಲ್ಲಿದ್ದರು. 2021ರ ಮಾರ್ಚಿನಲ್ಲಿ ತೀರಿಕೊಂಡರು.

ಆ ವಾರವೆಲ್ಲ ಕೂತು ಹೆಸರುಗಳನ್ನು ತುಂಬಿದೆ. ಕೆ.ಎಸ್. ನರಸಿಂಹಸ್ವಾಮಿ, ಜಿ.ಎಸ್. ಶಿವರುದ್ರಪ್ಪ, ಎಚ್.ಎಸ್. ವೆಂಕಟೇಶಮೂರ್ತಿ. ಕನ್ನಡದಲ್ಲಿ ಬರೆದರೆ ಕಾರಿನ ಸ್ಟೀರಿಯೊದಲ್ಲಿ ಬರೀ ಚೌಕಗಳು ಕಾಣುತ್ತವೆ, ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲೂ ಹಾಕಿದೆ. ಎಂ.ಎಸ್. ಹುಡುಗನಿಗೆ ಪೆನ್ ಡ್ರೈವ್ ವಾಪಸು ಕೊಟ್ಟು, ಆ ಸೀನಿಯರಿಗೂ ಕಳಿಸಪ್ಪಾ ಎಂದೆ. ಒಂದು ಮಾತ್ರ ಬಾಕಿ. ಬಿ ಬದಿಯ ಮೂರನೆಯ ಹಾಡಿನ ಹತ್ತಿರ ಕಾಗದ ಮಡಿಕೆಯಲ್ಲೇ ಹರಿದಿದೆ, 'ರಚನೆ' ಎಂಬುದರ ಮುಂದೆ ಏನೂ ಇಲ್ಲ. ಪುಟ್ಟಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು, ಅಪ್ಪನಿಗೂ ತೋರಿಸಿದಳು. "ರೇಡಿಯೊದಲ್ಲಿ ಹೇಳ್ತಿದ್ರು ಕಣಮ್ಮ, ನಾಲಗೆ ತುದೀಲಿದೆ" ಎಂದರಂತೆ. ಆ ಒಂದು ಫೈಲನ್ನು ನಾನು ಯಾರಿಗೂ ಕಳಿಸಿಲ್ಲ.