ಸತ್ಯಾಂಶ: ಸಿಗರೇಟು ಬಿಟ್ಟರೆ ಮಾಜಿ ಸೈನಿಕರ ಮನಸ್ಸು ಕೆಡುತ್ತದೆಯೇ?

“ಯುದ್ಧ ಕಂಡವರ ಸಿಗರೇಟು ಬಿಡಿಸಬೇಡಿ, ಅವರ ಮನಸ್ಸನ್ನು ಹಿಡಿದಿಟ್ಟಿರುವುದೇ ಅದು” ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಕಾಳಜಿಯಿಂದಲೇ ಬರೆದಿರಬಹುದು, ಆದರೆ ನಿಜವಲ್ಲ.

ಕೆಟ್ಟ ಕನಸಿಗೆ ಬೆಚ್ಚಿ ಎದ್ದವರ ಕೈ ಕತ್ತಲಲ್ಲೇ ಬೆಂಕಿಪೊಟ್ಟಣಕ್ಕೆ ತಡಕಾಡುತ್ತದೆ. ಎರಡು ದಮ್ಮು ಎಳೆದರೆ ಜೀವ ಹಗುರಾದಂತೆ ಅನಿಸುತ್ತದೆ. ಆದರೆ ಆಗ ಇಳಿಯುವುದು ಹೆಚ್ಚಾಗಿ ನಿಕೋಟಿನ್ ಕೊರತೆಯ ಚಡಪಡಿಕೆ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ, ಚಡಪಡಿಕೆ ಮರಳುತ್ತದೆ. ಬಿಟ್ಟ ಮೊದಲ ವಾರ ಸಿಡುಕು, ನಿದ್ರೆಗೇಡು ಇದ್ದೇ ಇರುತ್ತವೆ, ಅದನ್ನು ಮುಚ್ಚಿಡಬಾರದು. ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ಅವು ತಗ್ಗುತ್ತವೆ.

ಅಮೆರಿಕದಲ್ಲಿ ಸೇನಾ ಜೀವನದ ಆಘಾತದಿಂದ ನರಳುತ್ತಿದ್ದ 943 ಮಾಜಿ ಸೈನಿಕರ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮಾನಸಿಕ ಚಿಕಿತ್ಸೆ ಕೊಡುವವರಿಂದಲೇ ಧೂಮಪಾನ ಬಿಡಲು ನೆರವು ಪಡೆದವರಲ್ಲಿ ದೀರ್ಘಕಾಲ ದೂರ ಉಳಿದವರು ಶೇ 8.9, ಬೇರೆ ಕ್ಲಿನಿಕ್‌ಗೆ ಕಳುಹಿಸಿದವರಲ್ಲಿ ಶೇ 4.5. ಆಘಾತದ ಲಕ್ಷಣಗಳು ಉಲ್ಬಣಿಸಲಿಲ್ಲ. ಸಂಖ್ಯೆ ಚಿಕ್ಕದು, ನಿಜ. ಆದರೂ ನಂಬಿದ ವೈದ್ಯರೇ ಕೈಹಿಡಿದಾಗ ಫಲ ಇಮ್ಮಡಿಯಾಯಿತು.

ಆದ್ದರಿಂದ ಮನೆಯವರು ಗದರಿಸದೆ, ಈಗಾಗಲೇ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನೇ ನಿಕೋಟಿನ್ ಪ್ಯಾಚ್, ಮಾತ್ರೆಗಳ ಬಗ್ಗೆ ಕೇಳಲಿ. ಬಿಡುವ ದಿನವನ್ನು ಮುಂಚಿತವಾಗಿಯೇ ತಿಳಿಸಲಿ: ಧೂಮಪಾನ ನಿಂತಾಗ ಕೆಲವು ಮಾನಸಿಕ ಔಷಧಗಳ ಪ್ರಮಾಣವನ್ನು ಇಳಿಸಬೇಕಾಗುತ್ತದೆ.