ಆ ಐದ್ ರೂಪಾಯಿ ಆಕಳಾ ಸಾಕಿದಂವಂದೋ, ಡೇರೀದೋ?

ಪುಣೆಗೆ ಬಂದು ಹದಿನೇಳು ವರ್ಷ ಆತು, ನಮ್ಮೂರು ಅಥಣಿ ತಾಲೂಕಿನಾಗ. ಇಲ್ಲಿ ಮುಂಜಾನೆ ಹಾಲಿನ ಅಂಗಡಿ ಮುಂದ ನಿಂತ್ರ ಚಿತಳೆ, ಕಾತ್ರಜ್, ಗೋಕುಳ, ಅಮೂಲ್ ಎಲ್ಲಾ ಕ್ರೇಟು ಒಂದರ ಮ್ಯಾಲ ಒಂದು ಇರ್ತಾವ, ಒಂದು ಖಾಸಗಿ ಉಳದದ್ದು ಸಹಕಾರಿ, ಕೊಳ್ಳಾವ್ರು ರುಚಿ ನೋಡಿ ತಗೋತಾರ ಅಷ್ಟ. ಊರಿಗೆ ಹೋದಾಗ ಮಾತ್ರ ಲೆಕ್ಕ ಬ್ಯಾರೆ.

ನಮ್ಮ ಚಿಕ್ಕಪ್ಪನ ಮಗ ನಾಲ್ಕು ಎಚ್‌ಎಫ್ (ಜಾಸ್ತಿ ಹಾಲು ಕೊಡೋ ಸೀಮೆ ತಳಿ) ಆಕಳಾ ಕಟ್ಯಾನ. ಎರಡರ ಹಾಲು ಊರಿನ ಹಾಲು ಸಹಕಾರ ಸಂಘಕ್ಕ, ಅಂದ್ರ ನಂದಿನಿಗೆ, ಇನ್ನೆರಡರದು ಖಾಸಗಿ ಡೇರಿಗೆ, ಯಾಕಂದ್ರ ಆ ಆಕಳಾ ತರಾಕ ಅಡ್ವಾನ್ಸ್ ಕೊಟ್ಟಾವ್ರು ಅವ್ರು. ಸಂಘಕ್ಕ ಹಾಕಿದ ಲೀಟರಿಗೆ ಕರ್ನಾಟಕ ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ ಬ್ಯಾಂಕ್ ಖಾತೆಗೆ ಬರ್ತೈತಿ, ಖಾಸಗಿಗೆ ಹಾಕಿದ್ರ ಒಂದ್ ಪೈಸಾನೂ ಇಲ್ಲ. 2008ರಾಗ 2 ರೂಪಾಯಿಯಿಂದ ಶುರುವಾದ ಯೋಜನೆ ಇದು, ಛಲೋ ಯೋಜನೆ, ಆದ್ರ ರೊಕ್ಕ ಎಲ್ಲಾರ ತೆರಿಗೇದು. ಖಾಸಗಿ ಡೇರಿಯಂವ ರೈತನ್ನ ಹಿಡಕೊಳ್ಳಾಕ ಆ ಐದನ್ನ ತನ್ನ ಕಿಸೇದಿಂದ ಕೊಡಬೇಕು, ಮ್ಯಾಲ ನಂದಿನಿ ಮಾರೋ ರೇಟಿನ ಎದುರಿಗೆ ನಿಂತು ಮಾರಬೇಕು, ಅದೂ ಸರ್ಕಾರ ಹೂಂ ಅಂದಾಗ ಮಾತ್ರ ಏರೋ ರೇಟು. ಸಾಲೀ ಮಕ್ಕಳ ಕ್ಷೀರಭಾಗ್ಯಕ್ಕೂ ನಂದಿನೀನ, 2024ರಾಗ ಮುಜರಾಯಿ ಗುಡಿಗಳಿಗೂ ನಂದಿನಿ ತುಪ್ಪಾನ ಅಂತ ಆದೇಶ. ಇದಕ್ಕ ಸ್ಪರ್ಧೆ ಅನ್ನಾಕ ಬರೂದಿಲ್ಲ, ಒಬ್ಬನ ಕಾಲು ಕಟ್ಟಿ ಓಡಸಿದಂಗ ಆತು.

ಮಹಾರಾಷ್ಟ್ರ ಏನ್ ಮಾಡ್ತು ನೋಡ್ರಿ. 2023ರ ಕೊನೀಗೆ ಹಾಲಿನ ದರ ಕುಸಿದು ರೈತರು ರಸ್ತೆಗೆ ಇಳದ್ರು. 2024ರ ಜುಲೈದಾಗ ಸರ್ಕಾರ ಲೀಟರಿಗೆ ಡೇರಿ 30 ರೂಪಾಯಿ ಕೊಡಬೇಕು, ನಾವು 5 ಹಾಕ್ತೀವಿ ಅಂತು, ಸಹಕಾರಿಗೆ ಹಾಕಾವ್ರಿಗೂ ಖಾಸಗಿಗೆ ಹಾಕಾವ್ರಿಗೂ. ಆಕಳಾ ಕಿವಿಗೆ ಹಾಕಿದ ನಂಬರಿನ ಟ್ಯಾಗ್ ನೋಡಿ ಸೀದಾ ರೈತನ ಖಾತೆಗೆ. ಟ್ಯಾಗ್ ಮಾಹಿತಿ ಸರಿ ಇಲ್ಲದ್ದಕ್ಕ ಬಾಳ ಮಂದೀಗೆ ಸಿಗಲಿಲ್ಲ ಅನ್ನೋ ದೂರು ಇತ್ತು, ಖರೆ. ಆದ್ರ ದಾರಿ ಸರಿ ಐತಿ.

ಹಂಗಂತ ಖಾಸಗೀನ ದೇವರು ಅನ್ನಾಂವ ಅಲ್ಲ ನಾ. ಹಾಲು ಹೆಚ್ಚಾದ ಕೂಡ್ಲೆ ರೇಟ್ ಇಳಸಾವ್ರು, ಫ್ಯಾಟ್ ಕಡಿಮಿ ಅಂತ ವಾಪಸ್ ಕಳಸಾವ್ರು ಅವ್ರಾಗ ಅದಾರ, ಅಂಥಾ ಹೊತ್ತಿನಾಗ ರೈತನ್ನ ಕಾಯೂದು ಸಂಘ. ಅದಕ್ಕ ನಂದಿನಿ ಗಟ್ಟಿ ಇರಬೇಕು, ನನಗ ಅದು ಮನಿ ಹೆಸರು. 1945ರಾಗ ಮುಂಬೈ ಸರ್ಕಾರ ಗುಜರಾತಿನ ಖೇಡಾದ ಹಾಲು ತರೋ ಹಕ್ಕನ್ನ ಪೋಲ್ಸನ್ ಅನ್ನೋ ಒಂದ ಖಾಸಗಿ ಕಂಪನಿಗೆ ಕೊಟ್ಟಿತ್ತು, ರೈತರು ಸಿಡದೆದ್ದು 1946ರಾಗ ತಮ್ಮ ಸಂಘ ಕಟ್ಟಿದ್ರು, ಅಮೂಲ್ ಹುಟ್ಟಿದ್ದ ಹಂಗ. ಆವತ್ತು ಸರ್ಕಾರ ಒಬ್ಬನ್ನ ಹೆಗಲ ಮ್ಯಾಲ ಕುಂದರಿಸಿಕೊಂಡಿದ್ದು ತಪ್ಪಾದ್ರ ಇವತ್ತು ಹೆಂಗ ಸರಿ ಆಕ್ಕೈತಿ?

ಐದ್ ರೂಪಾಯಿ ಆಕಳಾ ಟ್ಯಾಗಿಗೆ ಕಟ್ರಿ, ಡೇರಿಗೆ ಕಟಬ್ಯಾಡ್ರಿ. ನಂದಿನಿ ರೇಟು, ನಂಬಿಗಿ, ಟೈಮಿಗೆ ಬಟವಾಡೆ ಇವುಗಳ ಮ್ಯಾಲ ಗೆಲ್ಲಲಿ, ಗೆಲ್ತೈತಿ ಅನ್ನೋ ಧೈರ್ಯ ನನಗೈತಿ. ನಮ್ಮ ತಮ್ಮನ ಗೋದಲಿಯೊಳಗ ನಾಲ್ಕೂ ಆಕಳಾ ಒಂದ ಮೇವು ತಿಂತಾವ, ನಾಲ್ಕಕ್ಕೂ ಕಿವಿಯಾಗ ಅದ ಹಳದಿ ಟ್ಯಾಗ್ ಐತಿ.